ಸಹಾಯ ಬೇಕು: ಯಕ್ಷಗಾನದ ವಿಡಿಯೋವನ್ನು ಡಿವಿಡಿಗೆ ಹಾಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕುಂಬಳೆಯ ನಮ್ಮ ಮನೆಯಂಗಳದಲ್ಲಿ ನಡೆದ ಮೂರೂವರೆ ಗಂಟೆಯ ಬಯಲಾಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು, ಅದನ್ನು ಅಜ್ಜನ ಹಳೆಯ ಡಿವಿಡಿ ಪ್ಲೇಯರಿನಲ್ಲಿ ತೋರಿಸಬೇಕೆಂದಿದ್ದೇನೆ. ಎಂಪಿ4 ಫೈಲನ್ನು ಹಾಗೆಯೇ ಬರ್ನ್ ಮಾಡಿದಾಗ ಪ್ಲೇಯರ್ ಅದನ್ನು ಓದಲಿಲ್ಲ. ಡಿವಿಡಿಗೆ ಎಂಪೆಗ್-2 ರೂಪವೇ ಬೇಕೆಂದು ಆಮೇಲೆ ತಿಳಿಯಿತು. ಹಾಗಾಗಿ ಡಿವಿಡಿಸ್ಟೈಲರ್ ಎಂಬ ತಂತ್ರಾಂಶ ಬಳಸಿ, ಪಾಲ್ ಪದ್ಧತಿಯ (ಸೆಕೆಂಡಿಗೆ 25 ಫ್ರೇಮಿನ, ನಮ್ಮಲ್ಲಿ ಬಳಕೆಯ ಟಿವಿ ಪದ್ಧತಿ) 720x576 ಅಳತೆಗೆ ಪರಿವರ್ತಿಸಿದೆ.

ಈಗ ಡಿಸ್ಕ್ ಓಡುತ್ತದೆ. ಆದರೆ ವೇಷಧಾರಿ ಧೀಂಗಿಣ (ಗಿರಕಿ ಹೊಡೆದು ಹಾರುವ ಕುಣಿತ) ಹಾಕುವಾಗ ಕಿರೀಟದ ಅಂಚು ಚೌಕ ಚೌಕವಾಗಿ ಒಡೆಯುತ್ತದೆ, ಕುಣಿತ ತಡೆತಡೆದು ಸಾಗುತ್ತದೆ. ಮೊಬೈಲಿನ ಸೆಕೆಂಡಿಗೆ 30 ಫ್ರೇಮುಗಳನ್ನು 25ಕ್ಕೆ ಇಳಿಸಿದ್ದೇ ತಡೆಗೆ ಕಾರಣವೆಂದು ನನ್ನ ಊಹೆ. ಇನ್ನು 4.7 ಜಿಬಿಯ ಒಂದೇ ಡಿಸ್ಕಿನಲ್ಲಿ 210 ನಿಮಿಷ ತುಂಬಿಸಿದರೆ, ಧ್ವನಿಯ ಪಾಲು ಕಳೆದು ಚಿತ್ರಕ್ಕೆ ಸೆಕೆಂಡಿಗೆ ಸುಮಾರು 2.8 ಮೆಗಾಬಿಟ್ ಮಾತ್ರ ಉಳಿಯುತ್ತದೆ; ಚೌಕಗಳಿಗೆ ಇದೇ ಕಾರಣವಿರಬೇಕು. ಚೆಂಡೆ ಕೇಳಿದರೆ ಅಜ್ಜನಿಗೆ ಅಷ್ಟೇ ಸಾಕೆಂದು ಮನೆಯವರು ಹೇಳುತ್ತಾರಾದರೂ ನನಗದು ಒಪ್ಪಿಗೆಯಿಲ್ಲ.

ಎರಡು ಪಾಸ್ ಎನ್‌ಕೋಡಿಂಗಿನಿಂದ (ಮೊದಲು ಇಡೀ ವಿಡಿಯೋವನ್ನು ಪರಿಶೀಲಿಸಿ, ಆಮೇಲೆ ಪರಿವರ್ತಿಸುವ ವಿಧಾನ) ಈ ಚೌಕಗಳ ದೋಷ ನೀಗುವುದೇ, ಅಥವಾ ಆಟವನ್ನು ಎರಡು ಡಿಸ್ಕುಗಳಿಗೆ ಹಂಚುವುದು ಲೇಸೇ? ಫ್ರೇಮುಗಳ ತೊಂದರೆಗೆ, 29.97 ಫ್ರೇಮಿನ ಎನ್‌ಟಿಎಸ್‌ಸಿ ಪದ್ಧತಿಯನ್ನು (ಅಮೆರಿಕದ ಕಡೆಯ ಟಿವಿ ಪದ್ಧತಿ) ಆರಿಸಿ ನಮ್ಮ ಕಡೆಯ ಹಳೆಯ ಪ್ಲೇಯರುಗಳಲ್ಲಿ ನೋಡಿದವರಿದ್ದರೆ ದಯವಿಟ್ಟು ಅನುಭವ ತಿಳಿಸಿ.