‘ಹಸನು’, ‘ಸಾರ್ಥಕ’, ‘ಲೇಸು’: ಬಾಳಿನ ಒಳಿತಿಗೆ ಯಾವ ಪದ?

ಬಳಗದ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ಶರಣಾರ್ಥಿ.

ಪದವಿ ತರಗತಿಗೆ ನೀತಿಶಾಸ್ತ್ರ ಹೇಳಿಕೊಡುವ ನಾನು ಫಿಲಿಪ್ಪಾ ಫುಟ್ ಅವರ ವಿಚಾರಗಳನ್ನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ವಾರದಿಂದ ‘ಯುಡೈಮೋನಿಯಾ’ ಎಂಬ ಒಂದೇ ಗ್ರೀಕ್ ಪದದ ಮುಂದೆ ನಿಂತಿದ್ದೇನೆ; ಇಡೀ ಬಾಳು ಒಳ್ಳೆಯದಾಗಿ ನಡೆಯುವುದು ಎಂದು ಅದರ ಸ್ಥೂಲ ಅರ್ಥ. ನಿಮ್ಮ ನೆರವು ಬೇಕು.

ಫುಟ್ (1920–2010) ಆಕ್ಸ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರದ ಪಾಠ ಮಾಡಿದ ಬ್ರಿಟಿಷ್ ಚಿಂತಕಿ. ಐವರ ಕಡೆ ನುಗ್ಗುತ್ತಿರುವ ಟ್ರಾಮನ್ನು ಒಬ್ಬನೇ ಇರುವ ಹಳಿಗೆ ತಿರುಗಿಸಬಹುದೇ ಎಂಬ ಹೆಸರಾಂತ ಪ್ರಶ್ನೆ ಅವರ 1967ರ ಲೇಖನದ್ದು. ನನ್ನ ಮನಸ್ಸಿಗೆ ಹತ್ತಿರವಾದದ್ದು ಮಾತ್ರ 2001ರಲ್ಲಿ, ಅವರ ಎಂಬತ್ತರ ವಯಸ್ಸಿನಲ್ಲಿ ಹೊರಬಂದ ‘ನ್ಯಾಚುರಲ್ ಗುಡ್‌ನೆಸ್’. ಅಲ್ಲಿ ಅವರು ಮಾತು ತೆಗೆಯುವುದು ಗಿಡಮರಗಳಿಂದ. ಓಕ್ ಮರಕ್ಕೆ ಆಳಕ್ಕಿಳಿದ ಗಟ್ಟಿ ಬೇರು ಬೇಕು. ಬೇರು ಸಡಿಲವಾಗಿದ್ದರೆ ಅದು ಆ ಮರದ ಕೊರತೆ, ನೋಡುವವರ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ. ಮನುಷ್ಯರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು, ಕರುಣೆ, ನ್ಯಾಯ ಇವು ಬೇರಿನಂತೆಯೇ ಬೇಕು. ಹಾಗಾಗಿ ‘ಒಳ್ಳೆಯ ಬೇರು’ ಎನ್ನುವಾಗಲೂ ‘ಒಳ್ಳೆಯ ಮನಸ್ಸು’ ಎನ್ನುವಾಗಲೂ ಆ ‘ಒಳ್ಳೆಯ’ ಒಂದೇ.

ಇಲ್ಲಿಯವರೆಗೆ ಕನ್ನಡ ಎಲ್ಲೂ ತಡೆಯುವುದಿಲ್ಲ. ಕೈ ಹಿಡಿದು ನಡೆಸುತ್ತದೆ. ನಮ್ಮ ಎರೆಭೂಮಿಯ ತೊಗರಿಯನ್ನೇ ನೋಡಿ. ಅದರ ತಾಯಿಬೇರು ಆಳಕ್ಕೆ ಹೋಗುವುದರಿಂದಲೇ ಮಳೆ ಕೈಕೊಟ್ಟರೂ ಗಿಡ ತಡೆದುಕೊಳ್ಳುತ್ತದೆ. ನೆಟೆ ರೋಗ ತಗುಲಿದರೆ ಬೆಳೆ ಕೆಟ್ಟಿತು ಎನ್ನುತ್ತೇವೆ. ಹಾಲು ಕೆಡುತ್ತದೆ, ಬೀಜ ಕೆಡುತ್ತದೆ, ಹುಡುಗನೂ ಕೆಡುತ್ತಾನೆ. ಗಿಡಕ್ಕೂ ಮನುಷ್ಯನಿಗೂ ಒಂದೇ ಕ್ರಿಯಾಪದ! ಫುಟ್ ಪುಟಗಟ್ಟಲೆ ವಾದಿಸಿ ತೋರಿಸುವ ನಂಟು ನಮ್ಮ ‘ಕೆಡು’ವಿನಲ್ಲಿ ಆಗಲೇ ಇದೆ ಎಂದು ಹೊಳೆದ ದಿನ ನನಗಾದ ಸಂತೋಷ ಸಣ್ಣದಲ್ಲ. ಆದ್ದರಿಂದ ಒಳಿತು, ಕೇಡು ಎಂಬ ಜೋಡಿಯ ಬಗ್ಗೆ ನನಗೆ ಗೊಂದಲವಿಲ್ಲ.

ಗೊಂದಲ ಇರುವುದು ಅರಿಸ್ಟಾಟಲ್‌ನಿಂದ ಅವರು ಪಡೆದುಕೊಂಡ ‘ಯುಡೈಮೋನಿಯಾ’ದಲ್ಲಿ. ನಮ್ಮ ಪಠ್ಯಗಳು ಇದನ್ನು ‘ಸುಖ’ ಅಥವಾ ‘ಆನಂದ’ ಎನ್ನುತ್ತವೆ. ಎರಡೂ ಸಲ್ಲವು ಎಂದು ನನ್ನ ದೃಢವಾದ ಅಭಿಪ್ರಾಯ. ಸುಖ ಒಂದು ಗಳಿಗೆಗೂ ಸಿಗುತ್ತದೆ; ಅರಿಸ್ಟಾಟಲ್ ಆದರೆ ಮಗುವಿಗೆ ಈ ಪದ ಸಲ್ಲದು, ಇದು ಇಡೀ ಬಾಳಿಗೆ ಹೇಳುವ ಮಾತು ಎನ್ನುತ್ತಾನೆ. ಆನಂದ ಎಂದ ಕೂಡಲೇ ವಿದ್ಯಾರ್ಥಿಗಳ ಮನಸ್ಸು ವೇದಾಂತಕ್ಕೆ ಹೋಗುತ್ತದೆ.

ನನಗೆ ಹೊಳೆದದ್ದು ‘ಹಸನು’. ನಮ್ಮ ಕಡೆ ಬಿತ್ತನೆಗೆ ಮುಂಚೆ ಹೊಲ ಹಸನು ಮಾಡುತ್ತಾರೆ, ಕಲ್ಲು ಆರಿಸಿ ಜೋಳ ಹಸನು ಮಾಡುತ್ತಾರೆ, ಮದುವೆಯಾಗಿ ಹೊರಟ ಮಗಳಿಗೆ ‘ನಿನ್ನ ಬಾಳೇವು ಹಸನಾಗಲಿ’ ಎಂದು ಹರಸುತ್ತಾರೆ. ನೆಲ, ಕಾಳು, ಬಾಳು ಮೂರಕ್ಕೂ ಸಲ್ಲುವ ಪದ. ಅದರಲ್ಲಿ ದುಡಿಮೆಯೂ ಇದೆ. ಯುಡೈಮೋನಿಯಾ ಎಂದರೆ ಸುಮ್ಮನಿರುವ ಸ್ಥಿತಿಯಲ್ಲ, ಬದುಕಿ ಮಾಡುವಂಥದ್ದು ಎಂಬ ಅರಿಸ್ಟಾಟಲ್‌ನ ಮಾತಿಗೆ ಇದು ಒಪ್ಪುತ್ತದೆ.

ಆದರೆ ಫುಟ್ ತಮ್ಮ ಪುಸ್ತಕದಲ್ಲಿ ಒಂದು ಪತ್ರದ ಪ್ರಸಂಗ ತರುತ್ತಾರೆ. ಚೆಕ್ ನಾಡಿನ ಗಡಿಭಾಗದ ಸುಡೆಟನ್ ಸೀಮೆಯ ಒಬ್ಬ ರೈತ ಹುಡುಗ ನಾಜಿಗಳ ಎಸ್.ಎಸ್. ಪಡೆಗೆ ಸೇರಲು ಒಪ್ಪದೆ 1944ರಲ್ಲಿ ಮರಣದಂಡನೆಗೆ ಗುರಿಯಾದ. ಸಾಯುವ ಮುನ್ನ ಮನೆಗೆ ಕಾಗದ ಬರೆದ. ಒಂದು ಅರ್ಥದಲ್ಲಿ ಅವನು ತನ್ನ ಸುಖವನ್ನು ತೆತ್ತ. ಇನ್ನೊಂದು ಅರ್ಥದಲ್ಲಿ, ಸೇರಿ ಬದುಕಿ ಉಳಿದಿದ್ದರೂ ಆ ಬದುಕಿನಲ್ಲಿ ಅವನಿಗೆ ಯುಡೈಮೋನಿಯಾ ಸಿಗುತ್ತಿರಲಿಲ್ಲ. ಫುಟ್ ಅವರಿಗೆ ಈ ಎರಡೂ ಅರ್ಥ ಬೇಕು.

ಈ ಕತೆಯನ್ನು ಅವ್ವನಿಗೆ ಹೇಳಿ, ಅವನ ಬಾಳು ಹಸನಾಯಿತು ಎನ್ನಬಹುದೇ ಎಂದು ಕೇಳಿದೆ. ಸಜ್ಜೆ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ‘ಹರೆಯದ ಹುಡುಗ ಹೋದ, ಹಸನು ಹೇಗಾದೀತು? ಆದರೆ ಅವನು ಕೆಡಲಿಲ್ಲ’ ಎಂದಳು. ಕೆಡದಿದ್ದರೂ ಹಸನಾಗದ ಬಾಳು ಒಂದಿದೆ ಎಂದಾಯಿತು. ಅಲ್ಲಿಗೆ ನನ್ನ ಪದ ಅರ್ಧಕ್ಕೇ ನಿಂತಿತು.

ಸಹೋದ್ಯೋಗಿಯೊಬ್ಬರು ‘ಸಾರ್ಥಕ’ ಎಂದರು. ಹುಡುಗನಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಸಾರ್ಥಕವಾದ ತೊಗರಿ ಗಿಡ ಎಂದು ಯಾರು ಹೇಳುತ್ತಾರೆ? ಗಿಡದಿಂದ ಮನುಷ್ಯನಿಗೆ ಫುಟ್ ಹಾಕಿದ ಸೇತುವೆ ಅಲ್ಲಿಯೇ ಮುರಿಯುತ್ತದೆ.

ಉಳಿದದ್ದು ‘ಲೇಸು’. ಕಲ್ಯಾಣದ ನೆಲದಲ್ಲಿ ಬಸವಣ್ಣನವರು ಶರಣರನ್ನು ‘ಸಕಲ ಜೀವಾತ್ಮರಿಗೆ ಲೇಸನೆ ಬಯಸುವ’ವರು ಎಂದರು. ಮನುಷ್ಯರಿಗೆ ಮಾತ್ರವಲ್ಲ, ಎಲ್ಲ ಜೀವಕ್ಕೂ ಲೇಸು. ನಿಜ ಹೇಳಬೇಕೆಂದರೆ ನನ್ನ ಒಲವು ಇದರ ಕಡೆಗೇ ಇದೆ. ಅಳುಕು ಒಂದೇ: ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಅದಕ್ಕಿಂತ ಇದು ಲೇಸು’ ಎಂಬ ಹೋಲಿಕೆಗೆ ಮಾತ್ರ ಉಳಿದಿದೆ.

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಯ ಹಿರಿಯರು ‘ಲೇಸು’ ಪದವನ್ನು ಹೋಲಿಕೆಯಿಲ್ಲದೆ, ಬೆಳೆಗೋ ದನಕರುವಿಗೋ ಬಾಳಿಗೋ ಹೇಳುತ್ತಾರೆಯೇ? ಕಷ್ಟದಲ್ಲಿಯೇ ತೀರಿಹೋದವರ ಬಗ್ಗೆ ‘ಅವರ ಬಾಳು ಹಸನಾಯಿತು’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನಿಘಂಟು ಬಲ್ಲವರಿಗೆ ಇನ್ನೊಂದು ಪ್ರಶ್ನೆ: ಅರಬ್ಬಿಯಲ್ಲಿ ‘ಹಸನ್’ ಎಂದರೆ ಒಳ್ಳೆಯದು, ಚೆಲುವಾದದ್ದು. ನಮ್ಮ ‘ಹಸನು’ ಅಲ್ಲಿಂದ ಬಂದದ್ದೋ, ಅಥವಾ 1347ರಲ್ಲಿ ಬಹಮನಿ ಅರಸೊತ್ತಿಗೆ ಹುಟ್ಟುವುದಕ್ಕೆ ಮುಂಚಿನ ಹಳಗನ್ನಡ ಪ್ರಯೋಗ ಎಲ್ಲಾದರೂ ಸಿಗುತ್ತದೆಯೋ?