ಇಶಿಹಾರ ಪರೀಕ್ಷೆಯ ನಂತರ ಮುಂದೇನು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬಸ್ ಚಾಲಕ ಹುದ್ದೆಗೆ ಆಯ್ಕೆಯಾಗಿದ್ದರೂ ವೈದ್ಯಕೀಯ ತಪಾಸಣೆಯಲ್ಲಿ ವರ್ಣಾಂಧತೆಯನ್ನು ಪತ್ತೆಹಚ್ಚುವ, ಬಣ್ಣದ ಚುಕ್ಕೆಗಳ ಇಶಿಹಾರ ಪುಸ್ತಕದಲ್ಲಿ 74 ಇರುವ ಪುಟವನ್ನು 21 ಎಂದು ಓದಿದ್ದರಿಂದ, ಅಲ್ಲಿಗೇ ಅನರ್ಹನೆಂದು ಬರೆದು ಕಳುಹಿಸಿದ್ದಾರೆ. ದೀಪದ ಕೆಂಪು, ಹಸಿರು ಅವನಿಗೆ ಚೆನ್ನಾಗಿಯೇ ತಿಳಿಯುತ್ತದೆ ಎಂಬುದು ಮನೆಯವರ ಅನುಭವ. ಅದು ಪುರಾವೆಯಲ್ಲ, ಒಪ್ಪುತ್ತೇನೆ.

ಕಣ್ಣಿನ ತಜ್ಞರೊಬ್ಬರನ್ನು ಕಂಡಾಗ, ಇಶಿಹಾರ ಕೇವಲ ಪ್ರಾಥಮಿಕ ತಪಾಸಣೆ, ಕೆಂಪು-ಹಸಿರು ದೋಷದ ಸುಳಿವನ್ನು ಕೊಡುತ್ತದೆಯೇ ಹೊರತು ಅದರ ತೀವ್ರತೆಯನ್ನು ಖಚಿತವಾಗಿ ಅಳೆಯುವುದಿಲ್ಲ, ಅದಕ್ಕೆ ಬಣ್ಣದ ಬಿಲ್ಲೆಗಳನ್ನು ಕ್ರಮವಾಗಿ ಜೋಡಿಸುವ ಫಾರ್ನ್ಸ್‌ವರ್ತ್ ಡಿ-15 ಪರೀಕ್ಷೆಯೋ, ಕೆಂಪು-ಹಸಿರು ಬೆಳಕನ್ನು ಬೆರೆಸಿ ಹಳದಿಗೆ ಹೊಂದಿಸುವ ಅನೋಮಲೋಸ್ಕೋಪ್ ಎಂಬ ಉಪಕರಣವೋ ಬೇಕು ಎಂದರು. 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಉಳ್ಳವರಿಗೂ ಚಾಲನಾ ಪರವಾನಗಿ ಸಿಗುವಂತೆ ನಿಯಮ ತಿದ್ದಿದೆ. ಅದನ್ನು ತೋರಿಸಿದರೆ, ಪರವಾನಗಿಯ ನಿಯಮ ಬೇರೆ, ನೇಮಕಾತಿಯ ಮಾನದಂಡ ಬೇರೆ ಎಂಬ ಉತ್ತರ ಬಂತು. ಪ್ರಯಾಣಿಕರ ಜೀವದ ಪ್ರಶ್ನೆಯಾದ್ದರಿಂದ ಆ ಮಾತನ್ನು ತಳ್ಳಿಹಾಕಲಾರೆ. ಆದರೆ ಮೊದಲ ಜರಡಿಯನ್ನೇ ಅಂತಿಮ ತೀರ್ಪಾಗಿಸಿದ್ದು ಸರಿಯೆನಿಸುತ್ತಿಲ್ಲ. ಮರುಪರಿಶೀಲನೆಗೆ ಬರೆದ ಅರ್ಜಿಗೆ ಉತ್ತರವಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಇಂಥ ನೇಮಕಾತಿಯಲ್ಲಿ ಡಿ-15 ವರದಿಯೊಂದಿಗೆ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆಯೇ? ಇದ್ದರೆ, ಆ ವರದಿಯನ್ನು ಸರ್ಕಾರಿ ಆಸ್ಪತ್ರೆಯಿಂದಲೇ ತರಬೇಕೇ?