ತೂಕದ ಆಫ್‌ರೋಡ್ ಗಾಡಿಗೆ ಎಂಥ ರಿಮ್ ಹಾಕಿಸಬೇಕು?

ಪ್ರಶ್ನೆ: ನಮಸ್ತೆ ಸರ್. ನನ್ನದು ಫೋರ್ ಬೈ ಫೋರ್ ಗಾಡಿ. ಮುಂದೆ ಸ್ಟೀಲ್ ಬಂಪರ್, ವಿಂಚ್. ಮೇಲೆ ಟೆಂಟ್. ಹಿಂದೆ ನೀರಿನ ಟ್ಯಾಂಕ್, ಫ್ರಿಜ್, ಟೂಲ್ಸ್. ಎಲ್ಲಾ ತುಂಬಿದರೆ 3,200 ಕೆಜಿ ಆಗುತ್ತದೆ. ಈಗಿರುವ 18 ಇಂಚಿನ ಅಲಾಯ್ ಕಲ್ಲಿಗೆ ಬಡಿದು ಅಂಚು ಸೀಳಿದೆ. ಒಬ್ಬರು ಸ್ಟೀಲ್ ಹಾಕಿಸು ಅಂತಾರೆ, ಇನ್ನೊಬ್ಬರು ಫೋರ್ಜ್ಡ್ ಬಿಟ್ಟು ಬೇರೆ ನೋಡಲೇಬೇಡ ಅಂತಾರೆ. ಯಾವುದು ಗಟ್ಟಿ? ಬೀಡ್‌ಲಾಕ್ ಬೇಕಾ?

ಉತ್ತರ: ಸ್ಟೀಲಾ, ಅಲಾಯಾ ಅನ್ನುವುದನ್ನು ಆಮೇಲೆ ನೋಡೋಣ. ಅಂಗಡಿಯಲ್ಲಿ ರಿಮ್ ಕೈಗೆ ಬಂದ ತಕ್ಷಣ ಎಲ್ಲರೂ ಅದರ ಮುಖ ನೋಡುತ್ತಾರೆ. ನೀವು ತಿರುಗಿಸಿ ಬೆನ್ನು ನೋಡಿ. ಅಲ್ಲಿ ಅಗಲ, ಆಫ್‌ಸೆಟ್ (ರಿಮ್‌ನ ಮಧ್ಯರೇಖೆಯಿಂದ ಅದು ಹಬ್‌ಗೆ ಕೂರುವ ಜಾಗ ಎಷ್ಟು ಮಿ.ಮೀ. ದೂರ ಅನ್ನುವುದು) ಜೊತೆಗೆ ‘ಮ್ಯಾಕ್ಸ್ ಲೋಡ್’ ಅಂತ ಒಂದು ಅಂಕಿ ಅಚ್ಚಾಗಿರಬೇಕು. ಒಂದು ರಿಮ್ ಎಷ್ಟು ಭಾರ ಹೊರುತ್ತದೆ ಅನ್ನುವುದು ಅದು. ಆ ಅಂಕಿಯೇ ಇಲ್ಲದ ರಿಮ್ ಎಷ್ಟು ಚೆನ್ನಾಗಿ ಕಂಡರೂ ಬೇಡ.

ಈಗ ನಿಮ್ಮ ಲೆಕ್ಕ. 3,200 ಅನ್ನು ನಾಲ್ಕರಿಂದ ಭಾಗಿಸಿ 800 ಕೆಜಿ ಸಾಕು ಅಂದುಕೊಳ್ಳಬೇಡಿ. ಭಾರ ನಾಲ್ಕು ಚಕ್ರಕ್ಕೂ ಸಮನಾಗಿ ಬೀಳುವುದಿಲ್ಲ. ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಜನರನ್ನೂ ಕೂರಿಸಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಒಮ್ಮೆ ಇಡೀ ಗಾಡಿ ತೂಗಿಸಿ, ಇನ್ನೊಮ್ಮೆ ಹಿಂದಿನ ಆಕ್ಸಲ್ ಮಾತ್ರ. ನಿಮ್ಮ ಸಾಮಾನು ಹೆಚ್ಚಿನದು ಹಿಂದೆಯೇ ಇರುವುದರಿಂದ ಅಲ್ಲಿ 1,900 ಕೆಜಿ ತೋರಿಸಿದರೂ ಆಶ್ಚರ್ಯವಿಲ್ಲ. ಅಂದರೆ ಒಂದು ಚಕ್ರಕ್ಕೆ 950. ಕಂಪನಿಯವರು ಹಿಂದಿನ ಆಕ್ಸಲ್‌ಗೆ ಕೊಟ್ಟಿರುವ ಮಿತಿ ವೇಬ್ರಿಡ್ಜ್ ತೋರಿಸಿದ ಆಕ್ಸಲ್ ತೂಕಕ್ಕಿಂತ ಜಾಸ್ತಿ ಇದ್ದರೆ ಅದರ ಅರ್ಧವನ್ನೇ ಹಿಡಿಯಿರಿ. ತೂಕವೇ ಆ ಮಿತಿ ದಾಟಿದ್ದರೆ ಮೊದಲು ಸಾಮಾನು ಇಳಿಸಿ. ಎಂಥ ರಿಮ್ ಹಾಕಿದರೂ ಆಕ್ಸಲ್ ಗಟ್ಟಿಯಾಗುವುದಿಲ್ಲ.

ಗುಂಡಿ, ಕಲ್ಲು, ಒಂದು ಕಡೆ ವಾಲುವ ದಾರಿ ಇವೆಲ್ಲ ಇರುವುದರಿಂದ ನಾನು ಅದರ ಮೇಲೆ ಶೇ. 20ರಷ್ಟು ಸೇರಿಸುತ್ತೇನೆ. ಇದು ಯಾರೂ ಬರೆದಿಟ್ಟ ನಿಯಮ ಅಲ್ಲ, ನನ್ನ ರೂಢಿ. ಹಾಗಾಗಿ 950ರ ಲೆಕ್ಕದಲ್ಲಿ ನಿಮಗೆ 1,150 ಕೆಜಿ ಅಥವಾ ಅದಕ್ಕಿಂತ ಮೇಲಿನದು. ಒಂದು ಕಡೆ ಜನ ಎಡವುತ್ತಾರೆ. ಕೆಲವು ರಿಮ್ ಮೇಲೆ ಅಂಕಿ ಪೌಂಡ್‌ನಲ್ಲಿ ಇರುತ್ತದೆ. 2,200 ಅಂತ ಕಂಡು ಖುಷಿಪಡಬೇಡಿ, ಅದು 998 ಕೆಜಿ ಅಷ್ಟೇ. ಟೈರ್‌ನದ್ದೂ ಹೀಗೇ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತದೆ ಅನ್ನುವುದರ ಸಂಕೇತ ಸಂಖ್ಯೆ) 121 ಇರುವ ಟೈರ್ 1,450 ಕೆಜಿ ಹೊರಬಲ್ಲದು, ಆದರೆ ರಿಮ್ 900ರದ್ದಾದರೆ ನಿಮ್ಮ ಮಿತಿ 900.

ಅಲಾಯ್ ಆದರೆ ಜೆಡಬ್ಲ್ಯೂಎಲ್ ಗುರುತನ್ನೂ ಹುಡುಕಿ. ಅದು ಜಪಾನಿನ ಮಾನದಂಡ, ಪ್ಯಾಸೆಂಜರ್ ಕಾರುಗಳಿಗೆ. ಕೊನೆಯಲ್ಲಿ ‘ಟಿ’ ಇದ್ದರೆ ಟ್ರಕ್, ಬಸ್‌ಗಳ ಮಾನದಂಡ. ನಿಮ್ಮಂಥ ಗಾಡಿಗೆ ‘ಟಿ’ ಇರುವುದೇ ವಾಸಿ. ಗುರುತು ಲೋಹದಲ್ಲೇ ಮೂಡಿರಬೇಕು, ಸ್ಟಿಕ್ಕರ್ ನಂಬಬೇಡಿ.

ಇನ್ನು ಯಾವ ಲೋಹ ಅನ್ನುವುದು. ಸ್ಟೀಲ್ ಬಡಿದರೆ ಸಾಮಾನ್ಯವಾಗಿ ಬಾಗುತ್ತದೆ, ಅಲಾಯ್ ಜೋರಾಗಿ ಬಡಿದರೆ ಸೀಳುತ್ತದೆ. ಬಾಗಿದ ಸ್ಟೀಲ್ ಅಂಚನ್ನು ಸುತ್ತಿಗೆಯಲ್ಲಿ ಬಡಿದು, ಗಾಳಿ ನಿಲ್ಲುವಷ್ಟು ಮಾಡಿಕೊಂಡು ಹೊರಬರಬಹುದು. ದೂರದ ಕಾಡು, ಮರುಭೂಮಿ ಸುತ್ತುವವರು ಇವತ್ತಿಗೂ ಸ್ಟೀಲ್ ಬಿಡದಿರುವುದು ಇದಕ್ಕೇ. ಹಾಗಂತ ಸ್ಟೀಲ್ ಬಿರುಕು ಬಿಡುವುದೇ ಇಲ್ಲ ಅಂತಲ್ಲ. ಓವರ್‌ಲೋಡ್ ಆದರೆ ನಟ್ ತೂತುಗಳ ಸುತ್ತ ಕೂದಲೆಳೆಯಂತೆ ಬಿರುಕು ಶುರುವಾಗುತ್ತದೆ, ತುಕ್ಕಿನ ಗೆರೆಯಾಗಿ ಕಾಣುತ್ತದೆ. ತೂಕವೂ ಸಾಮಾನ್ಯವಾಗಿ ಜಾಸ್ತಿ.

ಅಲಾಯ್‌ನಲ್ಲಿ ಎರಕ ಹೊಯ್ದದ್ದು ಅಗ್ಗ. ಫ್ಲೋ ಫಾರ್ಮ್ಡ್ ಅಂದರೆ ಟೈರ್ ಕೂರುವ ಭಾಗವನ್ನು ಒತ್ತಿ ಎಳೆದು ಗಟ್ಟಿ ಮಾಡಿರುತ್ತಾರೆ, ನಡುಭಾಗ ಎರಕದ್ದೇ. ಫೋರ್ಜ್ಡ್ ಅಂದರೆ ಲೋಹದ ದಿಮ್ಮಿಯನ್ನು ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ್ದು, ಒಂದೇ ತೂಕಕ್ಕೆ ಹೋಲಿಸಿದರೆ ಅದೇ ಗಟ್ಟಿ. ಆದರೆ ಸ್ಪೋರ್ಟ್ಸ್ ಕಾರಿಗೆ ಅಂತ ಮಾಡಿದ 690 ಕೆಜಿ ಫೋರ್ಜ್ಡ್ ರಿಮ್‌ಗಿಂತ 1,200 ಕೆಜಿ ಎರಕದ ರಿಮ್ ನಿಮ್ಮ ಗಾಡಿಗೆ ಸಾವಿರ ಪಾಲು ಮೇಲು. ನೋಡಿ, ಮತ್ತೆ ಅದೇ ಅಂಕಿಗೆ ಬಂದೆವು.

ನಿಮ್ಮ ರಿಮ್ ಸೀಳಿದ್ದಕ್ಕೆ ಅಳತೆಯೂ ಕಾರಣ ಇರಬಹುದು. 265/60 ಆರ್18 ಟೈರ್‌ನ ಸೈಡ್‌ವಾಲ್, ಅಂದರೆ ಪಕ್ಕದ ರಬ್ಬರ್ ಗೋಡೆಯ ಎತ್ತರ, 159 ಮಿ.ಮೀ. ಸುಮಾರು ಅಷ್ಟೇ ಎತ್ತರದ 265/65 ಆರ್17 ಹಾಕಿದರೆ 172 ಮಿ.ಮೀ. ಸಿಗುತ್ತದೆ. ಕಲ್ಲು ರಿಮ್ ಮುಟ್ಟುವ ಮೊದಲು ಅಷ್ಟು ಜಾಸ್ತಿ ರಬ್ಬರ್. ಬ್ರೇಕ್ ಕ್ಯಾಲಿಪರ್‌ಗೆ ತಾಗುವುದಿಲ್ಲ ಅಂತ ಖಾತ್ರಿಯಾದರೆ 17ಕ್ಕೆ ಇಳಿಯಿರಿ.

ಬೀಡ್‌ಲಾಕ್ ನಿಮಗೆ ಬೇಡ. ಗಾಳಿ ತುಂಬಾ ಇಳಿಸಿದಾಗಲೂ ಟೈರ್ ರಿಮ್‌ನಿಂದ ಕಳಚದ ಹಾಗೆ ಅದು ಬೋಲ್ಟ್ ಹಾಕಿದ ಬಳೆಯಿಂದ ಹಿಡಿಯುತ್ತದೆ. ಇಷ್ಟು ತೂಕದ ಗಾಡಿಯಲ್ಲಿ ಗಾಳಿಯನ್ನು ಅಷ್ಟು ಇಳಿಸಿ ಕಲ್ಲು ಹತ್ತಿದರೆ ಪೆಟ್ಟು ನೇರ ರಿಮ್‌ಗೇ. ಅಷ್ಟೂ ಬೋಲ್ಟ್‌ಗಳ ಟಾರ್ಕ್ (ಬಿಗಿತ) ಆಗಾಗ ನೋಡುತ್ತಿರಬೇಕು. ಎಷ್ಟೋ ಕಡೆ ಸಾರ್ವಜನಿಕ ರಸ್ತೆಯಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ಚಕ್ರ ಸ್ವಲ್ಪ ಹೊರಗೆ ಬಂದರೆ ಗಾಡಿ ಮಗುಚುವುದು ಕಮ್ಮಿ ಅಲ್ವಾ? ಆಫ್‌ಸೆಟ್ +30 ಇದ್ದದ್ದನ್ನು 0 ಮಾಡಿಸೋಣ ಅಂತಿದ್ದೇನೆ.

ಉತ್ತರ: ನಿಲುವು ಅಗಲ ಆಗುತ್ತದೆ, ನಿಜ. ಆದರೆ ಪ್ರತಿ ಚಕ್ರ 30 ಮಿ.ಮೀ. ಹೊರಗೆ ಬರುತ್ತದೆ. ಬೇರಿಂಗ್, ಬಾಲ್ ಜಾಯಿಂಟ್ ಮೇಲೆ ಹೊರೆ ಏರುತ್ತದೆ, ಕಲ್ಲು ಸಿಕ್ಕಾಗ ಸ್ಟೀರಿಂಗ್ ಕೈ ತಿರುಚುತ್ತದೆ. ಕಂಪನಿಯ ಆಫ್‌ಸೆಟ್‌ಗೆ ಹತ್ತಿರ ಇರಿ. ಆಫ್‌ಸೆಟ್‌ಗಿಂತ ನಟ್ ಕಡೆ ಗಮನ ಕೊಡಿ. ಕಂಪನಿ ಅಲಾಯ್‌ಗೆ ಚಪ್ಪಟೆ ವಾಷರ್ ಇರುವ ನಟ್ ಇದ್ದು, ಹೊಸ ರಿಮ್‌ಗೆ ಕೋನ್ ಆಕಾರದ್ದು ಬೇಕಾಗಬಹುದು. ತಪ್ಪು ನಟ್ ಬಿಗಿಯಾದ ಹಾಗೆ ಅನಿಸಿದರೂ ಸರಿಯಾಗಿ ಕೂರುವುದಿಲ್ಲ, ಓಡುತ್ತಾ ಸಡಿಲವಾಗುತ್ತದೆ. 12 ಮಿ.ಮೀ. ಸ್ಟಡ್ (ನಟ್ ಕೂರುವ ಬೋಲ್ಟ್), 1.5 ಮಿ.ಮೀ. ಪಿಚ್ (ಎರಡು ಮರೆಗಳ ನಡುವಿನ ಅಂತರ) ಆದರೆ ನಟ್ ಕನಿಷ್ಠ 8 ಸುತ್ತು ಹೋಗಬೇಕು. ಸ್ಟೆಪ್ನಿ ಬೇರೆ ಥರದ ರಿಮ್ ಆಗಿದ್ದರೆ ಅದರ ನಟ್‌ಗಳೂ ಗಾಡಿಯಲ್ಲಿರಲಿ. ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಸ್ಟೆಪ್ನಿ ಮಾಡಿಕೊಳ್ಳಬಹುದಾ?

ಉತ್ತರ: ಬೇಡ. ಅಲಾಯ್‌ಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಕಾಯಿಸಿ ಹದ ಮಾಡುವುದರಿಂದ. ವೆಲ್ಡಿಂಗ್ ಬಿಸಿಗೆ ಆ ಜಾಗದ ಹದ ಹೋಗುತ್ತದೆ, ಗೆರೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಗುಜರಿಗೆ ಹಾಕುವ ಮೊದಲು ಅಂಚನ್ನು ಕತ್ತರಿಸಿಬಿಡಿ. ಇಲ್ಲದಿದ್ದರೆ ಯಾರೋ ಪಾಲಿಶ್ ಮಾಡಿ ಇನ್ನೊಬ್ಬರಿಗೆ ಮಾರುತ್ತಾರೆ.